ಅಜ್ಜಿಯ ಪದವೂ ನನ್ನ ಗಿಟಾರೂ



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಸಂಗೀತವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾಗಿದೆ. ನಾನು ಸಂಗೀತಶಾಸ್ತ್ರವನ್ನು ಬಲ್ಲವಳಲ್ಲ. ಗಿಟಾರ್ ನುಡಿಸುತ್ತ ಹಾಡಬಲ್ಲೆನು, ಅಷ್ಟೆ. ಆದುದರಿಂದ ಶಾಸ್ತ್ರವನ್ನು ಬಿಟ್ಟು, ನಾನು ಮಾಡಿದ ಒಂದು ತಪ್ಪನ್ನೇ ನಿಮ್ಮ ಮುಂದೆ ಇಡುವೆನು.

ನಮ್ಮ ಮನೆಯು ಅರಸೀಕೆರೆಯಲ್ಲಿ. ರೈಲುಹಾದಿಗಳು ಕೂಡುವ ಊರು, ತೆಂಗಿನ ಸೀಮೆ. ನಮ್ಮ ಅಟ್ಟದ ಮೇಲೆ ಕೊಬ್ಬರಿಗೆಂದು ಇಟ್ಟ ಕಾಯಿಗಳು ತಿಂಗಳುಗಟ್ಟಲೆ ಒಣಗುತ್ತಿದ್ದವು. ಅದರ ಕೆಳಗೆ ಅಜ್ಜಿಯ ಬೀಸುವ ಕಲ್ಲು. ಊರಿಗೆ ಹಿಟ್ಟಿನ ಗಿರಣಿ ಬಂದು ಬಹುಕಾಲವಾಗಿದ್ದರೂ, ಹಬ್ಬದ ಹಿಂದಿನ ದಿನ ಆಕೆಯು ಒಂದು ಸೇರು ರಾಗಿಯನ್ನಾದರೂ ಕೈಯಿಂದ ಬೀಸುವಳು, ಬೀಸುತ್ತ ಹಾಡುವಳು. ಕಲ್ಲು ತಿರುಗುವ ಗತಿಯೇ ಆ ಹಾಡಿಗೆ ತಾಳ.

ನಾನಾದರೋ ಶಾಲೆಯಲ್ಲಿ ಗಿಟಾರನ್ನು ಕಲಿತು, ಅದರ ಹೆಮ್ಮೆಯಲ್ಲಿದ್ದೆನು. ಒಂದು ಸಂಜೆ ಅಜ್ಜಿಯು, "ಮಗಾ, ನನ್ನ ಬೀಸೋ ಪದ ನಿನ್ನ ಪೆಟ್ಟಿಗೇಲಿ ನುಡೀತದೇನು?" ಎಂದು ಕೇಳಿದಳು. ಎರಡು ಸಲ ತಂತಿಯನ್ನು ಮೀಟಿ ನೋಡಿದೆನು. ಆಕೆಯ ಗಾಂಧಾರವು ಗಿಟಾರಿನ ಎರಡು ಮೆಟ್ಟಿಲುಗಳ ನಡುವೆ ಎಲ್ಲಿಯೋ ನಿಲ್ಲುತ್ತಿದ್ದಿತು. "ಇಂಥ ಪದ ಇದರಲ್ಲಿ ಬರೋದಿಲ್ಲ ಅಜ್ಜಿ" ಎಂದುಬಿಟ್ಟೆನು. ಆಕೆ ನಕ್ಕು ಸುಮ್ಮನಾದಳು, ಮತ್ತೆಂದೂ ಕೇಳಲಿಲ್ಲ.

ನಾನು ಹೇಳಿದುದು ಸುಳ್ಳೆಂದು ತಿಳಿಯಲು ವರುಷಗಳು ಹಿಡಿದವು. ಗಿಟಾರಿಗೆ ಇಂದಿನ ಆಕಾರವನ್ನು ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಸ್ಪೇನ್ ದೇಶದ ಕುಶಲಕರ್ಮಿ ಅಂತೋನಿಯೊ ದೆ ತೋರೆಸ್. ಅದರ ಮೆಟ್ಟಿಲುಗಳು ಅಚಲವೆಂಬುದು ನಿಜ. ಆದರೂ ನಮ್ಮ ದೇಶದ ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಲೋಹದ ಸರಳನ್ನು ಜಾರಿಸಿ ರಾಗಗಳನ್ನು ನುಡಿಸಿದರು; 1967ರ 'ಕಾಲ್ ಆಫ್ ದಿ ವ್ಯಾಲಿ' ಎಂಬ ಧ್ವನಿಮುದ್ರಿಕೆಯಲ್ಲಿ ಅದನ್ನು ಕೇಳಬಹುದು. ನಮ್ಮ ಗೋಟುವಾದ್ಯದ ಕ್ರಮವೂ ಇದೇ ಅಲ್ಲವೇ? ಸಾಮಾನ್ಯ ಗಿಟಾರಿನಲ್ಲಿಯೂ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದರೆ ಅಜ್ಜಿಯ ಗಾಂಧಾರವು ದೊರೆಯುವುದು. ಜರ್ಮನಿಯಿಂದ ಬಂದ ಕಿಟ್ಟೆಲ್ ಪಾದ್ರಿಗಳು ನಮ್ಮ ಛಂದಸ್ಸನ್ನು ಕಲಿತು 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದರು. ಪರದೇಶದವರು ಪಟ್ಟ ಅಷ್ಟು ಶ್ರಮದಲ್ಲಿ ನೂರರ ಒಂದು ಪಾಲನ್ನು ಮನೆಯ ಮಗಳಾದ ನಾನು ಪಡಲಿಲ್ಲ.

ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು.

ಮರುವರುಷ ಮನೆಯವರೊಡನೆ ಹಳೇಬೀಡಿಗೂ ಬೇಲೂರಿಗೂ ಹೋದೆನು. ಹೊಯ್ಸಳೇಶ್ವರನ ಗುಡಿಯ ಗೋಡೆಯಲ್ಲಿ ವೇಣುಗೋಪಾಲನು ಕೊಳಲನ್ನು ತುಟಿಗೆ ಇಟ್ಟಿದ್ದಾನೆ. ಹಸುಗಳು ಮುಖವೆತ್ತಿ ಆಲಿಸುತ್ತಿವೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರು ಕುಣಿಯುತ್ತಾರೆ, ವಾದ್ಯಗಾರರು ಬಾರಿಸುತ್ತಾರೆ. ರಾಣಿ ಶಾಂತಲೆಯು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳು ಹೊಗಳುವುವು. ಬಳಪದ ಕಲ್ಲಿನಲ್ಲಿ ಬಳೆಯ ಸಾಲೂ, ಬೆರಳಿನ ಬಾಗೂ ಒಂಬೈನೂರು ವರುಷ ಉಳಿದಿವೆ. ಆದರೆ ಆಕೆ ಹಾಡಿದುದು ಏನು? ಆ ಕೊಳಲಿನಿಂದ ಹೊರಟ ಸ್ವರ ಯಾವುದು? ಕಲ್ಲು ಹೇಳದು. ಅರಸರ ಕೈಯಿಂದಲೂ ಉಳಿಸಲಾಗದ ವಸ್ತುವೊಂದು ನನ್ನ ಮನೆಯ ಅಟ್ಟದ ಕೆಳಗೆ ಪ್ರತಿ ಹಬ್ಬಕ್ಕೂ ಕೇಳಿಬರುತ್ತಿದ್ದಿತು. ನಾನು ಅದನ್ನು ಬೇಡವೆಂದೆನು. ಅಲ್ಲಿಯೇ ನಿಂತು ಅತ್ತೆನು.

ಈಗ ಆ ಪದದ ಎರಡು ಸಾಲು ಮಾತ್ರ ನನ್ನ ನೆನಪಿನಲ್ಲಿವೆ. ತಂತಿಯನ್ನು ಎಳೆದು ಆ ಗಾಂಧಾರವನ್ನು ಹಿಡಿದು ನುಡಿಸುವೆನು. "ಮುಂದೇನಮ್ಮ?" ಎಂದು ಮಗಳು ಕೇಳುವಳು. ಉತ್ತರವಿಲ್ಲ.

ಸೋದರಿಯರೇ, ನಿಮ್ಮ ಮನೆಗಳಲ್ಲಿಯೂ ಅಜ್ಜಿಯರಿರಬಹುದು. ಬರುವ ರಜೆಯಲ್ಲಿ ಅವರ ಬಳಿಯಲ್ಲಿ ಕುಳಿತು ಬೀಸುವ ಪದ, ಸೋಬಾನೆ, ಜೋಗುಳ, ಯಾವುದಾದರೂ ಸರಿ, ಹಾಡಿಸಿರಿ. ಮಾತುಗಳನ್ನು ಬರೆದಿಡಿರಿ, ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡಿರಿ, ಎಲ್ಲಕ್ಕೂ ಮೊದಲು ನಿಮ್ಮ ಬಾಯಲ್ಲಿ ಕಲಿಯಿರಿ. ನಿಮ್ಮ ವಾದ್ಯದಲ್ಲಿ ಅದು ಬಾರದಿದ್ದರೆ, ಬರುವವರೆಗೆ ಬೆರಳನ್ನು ಪಳಗಿಸಿರಿ.

ನಮ್ಮ ಮನೆಯ ಬೀಸುವ ಕಲ್ಲು ಇದ್ದಲ್ಲಿಯೇ ಇದೆ.