ದೊಡ್ಡನೆಕ್ಕುಂದಿಗೆ ಯಾವ ಊಟ?

ಅಮೆರಿಕದ ಕೆಲವು ರಾಜ್ಯಗಳಿಗೆ ಅಧಿಕೃತ ಹಕ್ಕಿ, ಹೂವು ಇರುವ ಹಾಗೆ ಅಧಿಕೃತ ಅಡುಗೆಯೂ ಇದೆ. ಟೆಕ್ಸಾಸ್ 1977ರಲ್ಲಿ ಮಾಂಸ, ಮೆಣಸಿನಕಾಯಿ ಹಾಕಿ ಬೇಯಿಸುವ ‘ಚಿಲಿ’ಯನ್ನು ಆರಿಸಿತು. ಒಕ್ಲಹೋಮಾ 1988ರಲ್ಲಿ ಇಡೀ ಒಂದು ಊಟವನ್ನೇ ಆರಿಸಿತು. ಅದರಲ್ಲಿ ಕರಿದ ಬೆಂಡೆಕಾಯಿಯೂ ಇದೆ! ದೊಡ್ಡನೆಕ್ಕುಂದಿಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂದದ್ದೇ ತಡ, ಕರ್ನಾಟಕದ 31 ಜಿಲ್ಲೆಗಳಿಗೂ ಅಡುಗೆ ಹಂಚೋ ಕೆಲಸ ಶುರುವಾಯ್ತು.

ದಾವಣಗೆರೆಗೆ ಬೆಣ್ಣೆ ದೋಸೆ, ಯಾರದ್ದೂ ತಕರಾರಿಲ್ಲ. ಮಂಡ್ಯಕ್ಕೆ ಮದ್ದೂರು ವಡೆ. ಕೊಡಗಿಗೆ ಕಡಂಬುಟ್ಟು, ಪಂದಿ ಕರಿ. ಬೆಳಗಾವಿಗೆ ಕುಂದಾನೋ, ಗೋಕಾಕದ ಕರದಂಟೋ ಅಂತ ಜಗಳ. ನಾನು ಧಾರವಾಡದವನು. ನನ್ನನ್ನು ಕೇಳೋಕೆ ಮೊದಲೇ ‘ಪೇಡಾ’ ಅಂತ ಬರೆದಾಗಿತ್ತು.

ಪೇಡಾ ಬಗ್ಗೆ ಹೆಮ್ಮೆ ಇದೆ, ಜಿಐ ಮಾನ್ಯತೆಯೂ ಇದೆ. ಆದ್ರೆ ನಮ್ಮನೇಲಿ ದಿನಾ ಪೇಡಾ ತಿಂತೀವಾ? ತಿನ್ನೋದು ಜೋಳದ ರೊಟ್ಟಿ, ಎಣ್ಣೆಗಾಯಿ. ಪೇಡಾ ನಾಲ್ಕು ದಿನ ಕೆಡದೆ ಬಸ್ಸು ಹತ್ತುತ್ತೆ, ಹಾಗಾಗಿ ಹೆಸರು ಮಾಡ್ತು. ಬಿಸಿ ರೊಟ್ಟಿ ಒಲೆ ಬಿಟ್ಟು ಕದಲಲ್ಲ. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬೆಳೆಯುತ್ತೆ. ಆ ನೆಲದ ಗುರುತು ರೊಟ್ಟಿಯಲ್ಲಿದೆ.

ಹಾಗಾದ್ರೆ ನಾವು ಕೂತಿರುವ ಈ ಜಾಗದ ಗುರುತು ಯಾವುದು? ದೊಡ್ಡನೆಕ್ಕುಂದಿಯಲ್ಲಿ ಆಂಧ್ರ ಮೆಸ್ ಇದೆ, ಮೊಮೊ ಗಾಡಿ ಇದೆ, ನಮ್ಮ ಕಡೆಯ ಖಾನಾವಳಿಯೂ ಸಿಗುತ್ತೆ. ಈ ಊರಿನದೇ ಅಡುಗೆ ಯಾವುದು ಅಂದಾಗ ಮಾತ್ರ ಎಲ್ಲರೂ ಸುಮ್ಮನಾದರು. ನನಗೆ ಉತ್ತರ ಗೊತ್ತಿತ್ತು, ನಮ್ಮ ಓನರ್ ಮನೆ ಅಜ್ಜಿಯ ದಯೆಯಿಂದ: ಮುದ್ದೆ, ಬಸ್ಸಾರು.

ಬಸ್ಸಾರಿನ ಲೆಕ್ಕ ಇಂಜಿನಿಯರಿಗೂ ಹಿಡಿಸುವಂಥದ್ದು. ಕಾಳು, ಸೊಪ್ಪು ಬೇಯಿಸಿ ನೀರು ಬಸಿಯಬೇಕು. ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ, ಏನೂ ದಂಡವಿಲ್ಲ. ರೊಟ್ಟಿ ಅಗಿದು ಬೆಳೆದ ನನಗೆ ಅಜ್ಜಿ, “ಅಗೀಬಾರ್ದು ಕಣಪ್ಪಾ, ಸಾರಲ್ಲಿ ಅದ್ದಿ ನುಂಗು” ಅಂತ ಪಾಠ ಮಾಡಿದ್ದರು. ಡಿಸೆಂಬರ್ ಬಂದ್ರೆ ಸೊಗಡವರೆ ಬಿಡಿಸಿ, ನೆನೆಸಿ, ಹಿಚುಕಿ ಸಾರು ಮಾಡ್ತಾರೆ. ಘಮ ನಮ್ಮ ಮಹಡಿವರೆಗೂ ಬರುತ್ತೆ.

“ನಾವೆಲ್ಲಾ ಹೊರಗಿನವರು, ನಮಗೂ ಮುದ್ದೆಗೂ ಏನು ಸಂಬಂಧ?” ಅಂದ ಒಬ್ಬ. ರಾಗಿಯೂ ಹೊರಗಿಂದ ಬಂದದ್ದೇ! ಅದರ ಮೂಲ ಪೂರ್ವ ಆಫ್ರಿಕಾ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲೇ ಇವೆ. ಅಷ್ಟು ದೂರದಿಂದ ಬಂದ ಕಾಳು ಈ ಕೆಂಪು ಮಣ್ಣಿಗೆ ಒಗ್ಗಿ ಊರಿನ ಊಟವೇ ಆಯ್ತು.

ನಮ್ಮ ಪಟ್ಟಿಯಲ್ಲಿ ದೊಡ್ಡನೆಕ್ಕುಂದಿ ಮುಂದೆ ಈಗ ಮುದ್ದೆ, ಬಸ್ಸಾರು ಅಂತ ಬರೆದಿದೆ. ಪೇಡಾ ಅಳಿಸಿ ರೊಟ್ಟಿ ಬರೆಯೋಕೆ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ. ನೀವಿರುವ ಊರಿನ ಮುಂದೆ ಏನು ಬರೀತೀರಿ?