ದೋರಸಮುದ್ರದ ದೇವನಕ್ಕಿ

ಅರಸೀಕೆರೆಯ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಶ್ರಾವಣ ಮಾಸದ ಭಾನುವಾರ. ಹೆಗಲ ಚೀಲದಲ್ಲಿ 400 ಮಿಲಿಮೀಟರಿನ ಟೆಲಿಫೋಟೋ ಮಸೂರ. ಕೈಯಲ್ಲಿ ಕ್ಯಾಮರಾ ನಿಲ್ಲಿಸುವ ಮುಕ್ಕಾಲಿ. “ಗುಡಿಗೆ ಹೋಗುವವರು ಹಣ್ಣುಕಾಯಿ ಒಯ್ಯುತ್ತಾರೆ, ನೀವು ಫಿರಂಗಿ ಹೊತ್ತು ಹೊರಟಿದ್ದೀರಲ್ಲ!” ಎಂದು ಹಿಂದಿನ ರಾತ್ರಿ ಮನೆಯಾಕೆ ನಕ್ಕಿದ್ದಳು. ಮೂಡಿಗೆರೆಯಲ್ಲಿ ನೆಲೆಸಿ, ಕ್ಯಾಮರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ಓದಿ ನನಗೂ ಅಂಟಿದ ಹುಚ್ಚು ಇದು.

ಅರಸಿಯ ಹೆಸರನ್ನೂ ಕೆರೆಯ ಹೆಸರನ್ನೂ ಒಟ್ಟಿಗೆ ಹೊತ್ತ ಊರು ಅರಸೀಕೆರೆ. 1220ರ ಸುಮಾರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪದಲ್ಲಿ ಅರ್ಧ ಗಳಿಗೆ ನಿಂತು, ಜಾವಗಲ್ಲಿನ ದಾರಿಯಾಗಿ ಹಳೇಬೀಡಿನ ಬಸ್ಸು ಹಿಡಿದೆ.

ಹಳೇಬೀಡಿಗೆ ಬರುವವರೆಲ್ಲ ಹೊಯ್ಸಳೇಶ್ವರನ ಗುಡಿಗೆ ನಡೆಯುತ್ತಾರೆ. ನಾನು ಅದನ್ನು ದಾಟಿ ಕೆರೆಗೆ ನಡೆದೆ. ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರು ಬಂದುದು ಈ ಜಲರಾಶಿಯಿಂದಲೇ. ಹಣೆಯ ಮೇಲೆ ಬಿಳಿಯ ಪಟ್ಟೆ ಹೊತ್ತ ನಾಮದ ಕೋಳಿಗಳು ಅಲ್ಲಿ ತೇಲುತ್ತಿದ್ದವು. ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು. ಗುಳುಮುಳುಕ ಕಣ್ಣೆದುರೇ ಮುಳುಗಿ ಬೇರೆಲ್ಲೋ ಏಳುತ್ತಿತ್ತು.

ಟೆಲಿಫೋಟೋ ಮಸೂರವು ದೂರದ್ದನ್ನು ಹತ್ತಿರ ತರುತ್ತದೆ. 50 ಮಿಲಿಮೀಟರಿನ ಸಾಮಾನ್ಯ ಮಸೂರಕ್ಕಿಂತ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದರೆ ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಆದ್ದರಿಂದಲೇ ಮುಕ್ಕಾಲಿ, ಸೆಕೆಂಡಿನ ಐನೂರನೆಯ ಒಂದು ಭಾಗಕ್ಕಿಂತಲೂ ಕಿರಿದಾದ ಕ್ಷಣದಲ್ಲಿ ಮುಚ್ಚಿಕೊಳ್ಳುವ ಶಟರು. ಹೊತ್ತೇರಿದರೆ ನೀರಿನ ಮೇಲಣ ಗಾಳಿ ಬಿಸಿಯೇರಿ ತೆರೆತೆರೆಯಾಗಿ ಚಿತ್ರವನ್ನು ಕದಡುತ್ತದೆ. ಬೆಳಗಿನ ಎರಡು ಗಂಟೆಗಳೇ ಛಾಯಾಗ್ರಾಹಕನ ಸಂಪತ್ತು.

ಆಗ ಕಂಡಿತು ದೇವನಕ್ಕಿ! ಕಂದು ಮೈ, ಬಿಳಿ ರೆಕ್ಕೆ, ಕೊರಳ ಹಿಂದೆ ಹೊಂಬಣ್ಣ, ಕುಡುಗೋಲಿನಂತೆ ಬಾಗಿದ ಉದ್ದ ಬಾಲ. ನೀಳವಾದ ಬೆರಳುಗಳು ಮೈಭಾರವನ್ನು ಹಂಚುವುದರಿಂದ ತೇಲುವ ಎಲೆಗಳ ಮೇಲೆ ನೆಲದ ಮೇಲೆಂಬಂತೆ ನಡೆಯಬಲ್ಲುದು. ಆದರೆ ಇದು ನಡೆಯದೆ ಒಂದೇ ಕಡೆ ಕುಳಿತಿತ್ತು. ಮಸೂರದಲ್ಲಿಯೂ ಚಿತ್ರ ಚಿಕ್ಕದೇ. ಕಾಲೇಜಿನ ಪ್ರದರ್ಶನಕ್ಕೆ ದೊಡ್ಡ ಪಟವೊಂದನ್ನು ಕೊಡುವೆನೆಂದು ವಿದ್ಯಾರ್ಥಿಗಳ ಮುಂದೆ ಜಂಭ ಕೊಚ್ಚಿಕೊಂಡಿದ್ದೆ. ಪಾದರಕ್ಷೆ ಕಳಚಿ ಕೆಸರಿಗಿಳಿದೆ. ಹತ್ತು ಹೆಜ್ಜೆ, ಇನ್ನೂ ಹತ್ತು. ಹಕ್ಕಿ ಚೀರಿ ಹಾರಿತು.

“ಸ್ವಾಮೀ, ಅದು ಮೊಟ್ಟೆ ಮ್ಯಾಲೆ ಕುಂತಿತ್ತು. ನೀವು ಅಲ್ಲಿರೋಗಂಟ ಅದು ತಿರುಗಿ ಬರಾಕಿಲ್ಲ” ಎಂದಿತು ಹಿಂದಿನಿಂದ ಒಂದು ದನಿ. ಎತ್ತು ತೊಳೆಯಲು ಬಂದಿದ್ದ ಮುದುಕ. ಆತ ತೋರಿದ ಕಡೆ ನೋಡಿದೆ. ಒದ್ದೆ ಎಲೆಗಳ ಮೇಲೆ ಕಂದುಬಣ್ಣದ ನಾಲ್ಕು ಮೊಟ್ಟೆಗಳು. ಮೇಲೆ ಕಾಗೆಯೊಂದು ಸುತ್ತು ಹಾಕತೊಡಗಿತ್ತು.

ದೇವನಕ್ಕಿಗಳಲ್ಲಿ ಕಾವು ಕೊಡುವವನು ತಂದೆ. ಹೆಣ್ಣು ಮೊಟ್ಟೆಯಿಟ್ಟು ಮತ್ತೊಬ್ಬ ಗಂಡನ್ನು ಅರಸಿ ಹೋಗುತ್ತದೆ. ಮೂರು ವಾರಗಳಿಗೂ ಮಿಕ್ಕಿ ಕಾವಿಗೆ ಕೂರುವುದೂ ಮರಿಗಳನ್ನು ಸಾಕುವುದೂ ಗಂಡಿನ ಪಾಲು. ಪುಸ್ತಕದಲ್ಲಿ ಓದಿದ್ದ ಸಂಗತಿಯೇ. ಆದರೆ ಪಟದ ಆಸೆಯಲ್ಲಿ ಮರೆತಿದ್ದೆ. ನಾನೂ ಒಬ್ಬ ತಂದೆ ಎಂಬುದು ನೆನಪಾಗಿ ನಾಚಿಕೆಯಾಯಿತು.

“ಯಜಮಾನರೇ, ತಪ್ಪಾಯಿತು” ಎಂದು ಕೈಬೀಸಿ ಕಾಗೆಯನ್ನು ಬೆದರಿಸುತ್ತ ಏರಿಯವರೆಗೂ ಹಿಂದೆ ಸರಿದೆ. ಕಾದದ್ದು ಅರ್ಧ ಗಂಟೆ. ಅನಿಸಿದ್ದು ಅರ್ಧ ದಿನ. ಕಡೆಗೆ ಹಕ್ಕಿ ಬಂದಿಳಿದು ನಾಲ್ಕೂ ಕಡೆ ನೋಡಿ ಮೆಲ್ಲನೆ ಕುಳಿತಿತು. ಅಷ್ಟು ದೂರದಿಂದಲೇ ಒಂದೇ ಒಂದು ಪಟ ತೆಗೆದೆ.

ಆಮೇಲೆ ಗುಡಿಗೆ ಹೋದೆ. ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಎಲ್ಲಕ್ಕೂ ಕೆಳಗೆ ಆನೆಗಳ ಸಾಲು, ಎಲ್ಲಕ್ಕೂ ಮೇಲೆ ಹಂಸಗಳ ಸಾಲು. ಸಂಜೆ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನ ಸನ್ನಿಧಿಯಲ್ಲಿ, ಗಿಳಿಯೊಡನೆ ಮಾತಾಡುವ ಶುಕಭಾಷಿಣಿಯನ್ನು ಕಂಡೆ. ಆ ಗಿಳಿ ಬೆದರದೆ ಆಕೆಯ ಬಳಿಯೇ ಇದೆ. 2023ರಲ್ಲಿ ಈ ಎರಡು ಗುಡಿಗಳೂ ಸೋಮನಾಥಪುರದ ಗುಡಿಯೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕಲ್ಲಿನ ಹಕ್ಕಿಗಳನ್ನು ಕಾಯಲು ಬೇಲಿಯುಂಟು, ಕಾವಲುಗಾರರುಂಟು. ನೀರಿನ ಹಕ್ಕಿಗೆ ನಾವು ಬಿಡುವ ದೂರವೇ ಬೇಲಿ.

ಆ ಪಟ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. “ಅಪ್ಪಾ, ಹಕ್ಕಿ ಯಾಕೆ ಇಷ್ಟು ಚಿಕ್ಕದು?” ಎಂದು ಮಗಳು ಕೇಳುತ್ತಾಳೆ. “ಅದು ಮರಿ ಮಾಡುತ್ತಿತ್ತು ಮಗೂ, ಹತ್ತಿರ ಹೋಗಬಾರದು” ಎನ್ನುತ್ತೇನೆ.