ಪುಲಿ, ಹುಲಿ ಮತ್ತು ಒಂದು ಕೆಂಪುಗೆರೆ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕೆಂಚನಗುಡ್ಡದಿಂದ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಅಜ್ಜಿ ಹೇಳಿದ ಕಥೆಯೊಂದನ್ನು ಪ್ರಬಂಧವಾಗಿ ಬರೆದಿದ್ದಳು. ಅದರಲ್ಲಿ ಹುಲಿ ಎಲ್ಲಿಯೂ ಹುಲಿಯಾಗಿರಲಿಲ್ಲ, 'ಪುಲಿ'ಯಾಗಿತ್ತು. ಅಜ್ಜಿಯ ತವರು ಆದವಾನಿ. ಪ್ರತಿಯೊಂದು 'ಪುಲಿ'ಯ ಕೆಳಗೂ ಕೆಂಪುಗೆರೆ ಎಳೆದು, ಅಂಚಿನಲ್ಲಿ 'ಇದು ತೆಲುಗು' ಎಂದು ಬರೆದೆ.

ಅದೇ ವಾರ ಹಳಗನ್ನಡ ಪದ್ಯವೊಂದನ್ನು ಪಾಠ ಮಾಡುವಾಗ 'ಪುಲಿ' ಬಂತು. ಅವಳು ಎದ್ದು ನಿಂತು, "ಸರ್, ಇದೂ ತೆಲುಗೇನ್ರಿ?" ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಪಕಾರ ಹಕಾರವಾಗುವ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದೆನೇ ಹೊರತು, ಆ ಕೆಂಪುಗೆರೆಯ ಬಗ್ಗೆ ಮಾತೆತ್ತಲಿಲ್ಲ.

ಈಚೆಗೆ ಪೂರ್ವ ಏಷ್ಯಾದ ಲಿಪಿಗಳ ಕುರಿತು ಓದುತ್ತಿದ್ದಾಗ ಅವಳ ಪ್ರಶ್ನೆ ಮತ್ತೆ ಎದುರಾಯಿತು. ಹುಲಿಯನ್ನು ಸೂಚಿಸುವ ಚೀನೀ ಅಕ್ಷರ ಒಂದೇ. ಅದನ್ನು ಬೀಜಿಂಗಿನವರು 'ಹೂ' ಎಂದೂ ಕ್ಯಾಂಟನೀಸರು 'ಫೂ' ಎಂದೂ ಓದುತ್ತಾರೆ. ಕೊರಿಯಾದಲ್ಲಿ, ವಿಯೆಟ್ನಾಮಿನಲ್ಲಿ ಅದು 'ಹೊ'. ಜಪಾನೀಯರಿಗೆ ಎರಡು ಓದುಗಳು: ಎರವಲಾಗಿ ಬಂದ 'ಕೊ', ಮನೆಮಾತಿನ 'ತೊರ'. ಚೀನೀ ಹಕಾರ ಅಲ್ಲಿ ಕಕಾರವಾದದ್ದೇಕೆ? ಎರವಲು ಪಡೆದ ಕಾಲಕ್ಕೆ ಜಪಾನಿ ಭಾಷೆಯಲ್ಲಿ ಹಕಾರವೇ ಇರಲಿಲ್ಲ. ಇಂದಿನ ಅವರ ಹಕಾರ ಮೂಲತಃ ಪಕಾರ. ಅದು ಫಕಾರದಂಥ ಧ್ವನಿಯ ಮೂಲಕ ಹಾದು ಹಕಾರವಾಯಿತು. ನಮ್ಮ ಹಾಲು, ಹಾವು, ಹೂವುಗಳ ಕಥೆಯನ್ನೇ ಯಾರೋ ದೂರದ ದ್ವೀಪದಲ್ಲಿ ಕೂತು ಹೇಳಿದಂತಾಯಿತು! ಈ ಎರಡು ಭಾಷೆಗಳಿಗೆ ನಂಟು ಕಲ್ಪಿಸುವ ಉತ್ಸಾಹ ನನಗಿಲ್ಲ. ನಾಲಿಗೆಗಳು ಬೇರೆ ಬೇರೆಯಾಗಿಯೇ ಒಂದೇ ದಾರಿ ಹಿಡಿಯಬಲ್ಲವು.

ತಮಿಳು, ಮಲಯಾಳಂ, ತೆಲುಗುಗಳಲ್ಲಿ ಇಂದಿಗೂ ಪುಲಿ, ತುಳುವಿನಲ್ಲಿ ಪಿಲಿ. ಮಾತು ಬದಲಿಸಿದವರು ನಾವು. 10ನೆಯ ಶತಮಾನದ ಸುಮಾರಿಗೆ ಕಾಣಿಸತೊಡಗಿದ ಈ ಹಕಾರ ನಡುಗನ್ನಡದಲ್ಲಿ ನೆಲೆಯೂರಿತು. ಹುಲಿಯನ್ನು ಹೊಡೆದ ಸಳನ ವಂಶವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ: ಪೊಯ್ಸಳರು ಹೊಯ್ಸಳರಾದರು. (ಕಥೆಯಲ್ಲಿ ಹುಲಿಯಾದದ್ದು ಬೇಲೂರಿನ ಶಿಲ್ಪದಲ್ಲಿ ಸಿಂಹದಂತೆ ಕಾಣುವುದು ಬೇರೆಯೇ ಚರ್ಚೆ.)

ಕಳೆದ ತಿಂಗಳು ಕೆಂಚನಗುಡ್ಡಕ್ಕೆ ಹೋಗಿ ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆ. ಆದವಾನಿ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು; ಆ ದಿನ ಅದು ಆಂಧ್ರಕ್ಕೆ ಸೇರಿತು, ಸಿರುಗುಪ್ಪ ಮೈಸೂರಿಗೆ ಬಂತು. ಅಜ್ಜಿಯ ಪುಲಿ ತೆಲುಗಿನದೇ ಇರಬಹುದು, ನಾನು ಬರೆದದ್ದು ಸುಳ್ಳೆನ್ನಲಾಗದು. ಆದರೆ ಆ ಪುಟದ ಅಂಚಿನಲ್ಲಿ 'ಕನ್ನಡವೂ ಹೌದು' ಎಂದು ಸೇರಿಸಲು ಜಾಗವಿತ್ತು.

ಊರಿನಲ್ಲಿ ಅವಳ ಮನೆ ಯಾವುದೆಂದು ವಿಚಾರಿಸಿದೆ. ಮದುವೆಯಾಗಿ ಆದವಾನಿಯಲ್ಲೇ ಇದ್ದಾಳಂತೆ.